ಹಳೆಯ ಡೆಸ್ಕ್‌ಟಾಪೋ, ಹೊಸ ಲ್ಯಾಪ್‌ಟಾಪೋ? ಪ್ರೊಸೆಸರ್ ಅಳೆದು ನೋಡುವ ಬಗೆ

ಪ್ರೊಸೆಸರಿನ ವೇಗವನ್ನು ಅದರ ಹೆಸರಿನಿಂದಾಗಲಿ, ಗಿಗಾಹರ್ಟ್ಸ್ ಸಂಖ್ಯೆಯಿಂದಾಗಲಿ ತಿಳಿಯಲು ಬರುವುದಿಲ್ಲ. 2014ರಲ್ಲಿ ಬಂದ ಇಂಟೆಲ್ ಕೋರ್ ಐ5-4590 ಡೆಸ್ಕ್‌ಟಾಪಿನದು. ಅದಕ್ಕೆ 4 ಕೋರ್, ಗರಿಷ್ಠ 3.7 ಗಿಗಾಹರ್ಟ್ಸ್ ವೇಗ, 84 ವ್ಯಾಟ್ ಮಿತಿ. 2022ರ ಐ5-1235ಯು ಲ್ಯಾಪ್‌ಟಾಪಿನದು. ಅದರಲ್ಲಿ ವೇಗದ ಕೋರ್ 2, ವಿದ್ಯುತ್ ಉಳಿಸುವ ಸಣ್ಣ ಕೋರ್ 8, ಗರಿಷ್ಠ 4.4 ಗಿಗಾಹರ್ಟ್ಸ್, ಮೂಲ ಮಿತಿ ಬರೀ 15 ವ್ಯಾಟ್. ಎರಡಕ್ಕೂ ಐ5 ಎಂದೇ ಹೆಸರು. ಗದಗ ಜಿಲ್ಲೆಯ ಲಕ್ಷ್ಮೇಶ್ವರದ ಡಿಟಿಪಿ ಅಂಗಡಿಯವರಾಗಲಿ, ಫೋಟೊ ಸ್ಟುಡಿಯೊದವರಾಗಲಿ ಹಳೆಯದನ್ನು ಮಾರಿ ಹೊಸದನ್ನು ಕೊಳ್ಳುವ ಮುನ್ನ ಇಂಥ ಎರಡರ ನಡುವಿನ ಅಂತರವನ್ನು ತಾವೇ ಅಳೆಯಬಹುದು. ಅದಕ್ಕೆ ಬೇಕಾದ ತಂತ್ರಾಂಶಗಳೆಲ್ಲ ಉಚಿತ.

ಮೊದಲು ಹೆಸರನ್ನು ಓದಬೇಕು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರ ಪರ್ಫಾರ್ಮೆನ್ಸ್ ಪುಟದಲ್ಲಿ ಪ್ರೊಸೆಸರಿನ ಪೂರ್ಣ ಹೆಸರಿದೆ. 4590ರ ಮೊದಲ ಅಂಕಿ ನಾಲ್ಕನೆಯ ಪೀಳಿಗೆಯನ್ನೂ, 1235ರ ಮೊದಲ ಎರಡು ಅಂಕಿ ಹನ್ನೆರಡನೆಯ ಪೀಳಿಗೆಯನ್ನೂ ಸೂಚಿಸುತ್ತವೆ. ಕೊನೆಯ ‘ಯು’ ಎಂದರೆ ಕಡಿಮೆ ವಿದ್ಯುತ್ತಿನದು, ‘ಎಚ್’ ಎಂದರೆ ಹೆಚ್ಚು ಬಲದ ಲ್ಯಾಪ್‌ಟಾಪಿನದು. ಲ್ಯಾಪ್‌ಟಾಪ್ ಎಂದ ಮಾತ್ರಕ್ಕೆ ಹೊಸದೆಂದು ತಿಳಿಯಬಾರದು. 2017ಕ್ಕೆ ಮುಂಚಿನ ಐ5-7200ಯು ತರಹದವುಗಳಲ್ಲಿ ಇರುವುದು ಎರಡೇ ಕೋರ್, ಅವು 4590ಕ್ಕೆ ಸಾಟಿಯಾಗುವುದು ಕಷ್ಟ. ಎಎಂಡಿ ರೈಜನ್ 7000 ಸಾಲಿನ ಲ್ಯಾಪ್‌ಟಾಪ್ ಪ್ರೊಸೆಸರುಗಳಲ್ಲಿ ಮೂರನೆಯ ಅಂಕಿಯನ್ನು ನೋಡುವುದು ಒಳಿತು: 7520ಯು ಮಾರುಕಟ್ಟೆಯಲ್ಲಿ ಹೊಸದಾದರೂ ಅದರ ಒಳರಚನೆ 2019ರ ಝೆನ್ 2.

ಎರಡನೆಯ ಕೆಲಸ ಎರಡೂ ಯಂತ್ರಗಳನ್ನು ಒಂದೇ ನೆಲದ ಮೇಲೆ ನಿಲ್ಲಿಸುವುದು. ಹೆಚ್ಚಿನ ಹೋಲಿಕೆಗಳು ದಾರಿ ತಪ್ಪುವುದು ಇಲ್ಲೇ. ಹಳೆಯ ಡೆಸ್ಕ್‌ಟಾಪಿನಲ್ಲಿ ತಿರುಗುವ ಹಾರ್ಡ್ ಡಿಸ್ಕ್, ಹೊಸ ಲ್ಯಾಪ್‌ಟಾಪಿನಲ್ಲಿ ಎಸ್‌ಎಸ್‌ಡಿ ಇದ್ದರೆ ವಿಂಡೋಸ್ ಬೇಗ ತೆರೆದುಕೊಂಡ ಶ್ರೇಯಸ್ಸು ಪ್ರೊಸೆಸರಿಗೆ ಸಲ್ಲುವುದಿಲ್ಲ. ಹಳೆಯದಕ್ಕೆ ಒಂದು ಸಾಟಾ ಎಸ್‌ಎಸ್‌ಡಿ ಹಾಕಿಸಿ ನೋಡಿದ ಮೇಲೆ ಕೊಳ್ಳುವ ಯೋಚನೆಯನ್ನೇ ಬಿಟ್ಟರೂ ಆಶ್ಚರ್ಯವಿಲ್ಲ. ರ‍್ಯಾಮ್ ಎರಡರಲ್ಲೂ ಕನಿಷ್ಠ 8 ಜಿಬಿ ಇರಲಿ. ಒಂದೇ ಪಟ್ಟಿಗಿಂತ ಜೋಡಿ ಪಟ್ಟಿ ಮೇಲು. ಎರೆಮಣ್ಣಿನ ಸೀಮೆಯ ಧೂಳು ಫ್ಯಾನಿನ ರೆಕ್ಕೆಗೆ ಗಟ್ಟಿಯಾಗಿ ಮೆತ್ತಿಕೊಳ್ಳುತ್ತದೆ. ಅದನ್ನು ತೆಗೆಸದೆ, ಪ್ರೊಸೆಸರಿನ ಮೇಲಿನ ಒಣಗಿದ ಥರ್ಮಲ್ ಪೇಸ್ಟ್ ಬದಲಿಸದೆ ಹಳೆಯ ಯಂತ್ರವನ್ನು ನಿಧಾನವೆಂದು ದೂರುವುದು ನ್ಯಾಯವಲ್ಲ. ಲ್ಯಾಪ್‌ಟಾಪಿಗೆ ಚಾರ್ಜರ್ ಜೋಡಿಸಿ, ಪವರ್ ಮೋಡ್ ಅನ್ನು ‘ಬೆಸ್ಟ್ ಪರ್ಫಾರ್ಮೆನ್ಸ್’ಗೆ ತಂದಿಡಬೇಕು.

ಮೂರನೆಯದು ಒಂದು ಕೋರಿನ ಪರೀಕ್ಷೆ. ಪ್ರೊಸೆಸರಿಗೆ ಅಂಕ ಕೊಡುವ ಸಿನೆಬೆಂಚ್ ಆರ್23ರಲ್ಲಿ ಸಿಂಗಲ್ ಕೋರ್ ಆಯ್ದರೆ ಸಾಕು. ಕಡತ ಕುಗ್ಗಿಸುವ 7-ಜಿಪ್ ಇದ್ದವರು ಅದರ ಟೂಲ್ಸ್ ಮೆನುವಿನ ಬೆಂಚ್‌ಮಾರ್ಕಿನಲ್ಲಿ ಥ್ರೆಡ್ ಸಂಖ್ಯೆಯನ್ನು 1ಕ್ಕೆ ಇಳಿಸಬಹುದು. ಎರಡೂ ಯಂತ್ರದಲ್ಲಿ ಒಂದೇ ಆವೃತ್ತಿ, ಒಂದೇ ಡಿಕ್ಷನರಿ ಅಳತೆ ಇರಬೇಕು. ಸಿನೆಬೆಂಚಿನಲ್ಲಿ 1235ಯು ಪಡೆಯುವುದು 4590ರ ಅಂಕದ ಒಂದೂವರೆ ಪಟ್ಟಿಗೂ ಹೆಚ್ಚು. ಗಿಗಾಹರ್ಟ್ಸ್ ಲೆಕ್ಕ ಹಿಡಿದರೆ ಅಂತರ ಐದರಲ್ಲಿ ಒಂದು ಪಾಲಿನಷ್ಟೇ. ಉಳಿದ ಗಳಿಕೆ ಬಂದದ್ದು ಹೊಸ ಕೋರ್ ಪ್ರತಿ ಬಡಿತಕ್ಕೂ ಹೆಚ್ಚು ಆದೇಶಗಳನ್ನು ಮುಗಿಸುವುದರಿಂದ.

ಆಮೇಲೆ ಎಲ್ಲ ಕೋರುಗಳ ಪರೀಕ್ಷೆ. ಲ್ಯಾಪ್‌ಟಾಪಿನ ನಿಜಬಣ್ಣ ತಿಳಿಯುವುದು ಇಲ್ಲಿ. 1235ಯು ಮೊದಲ ಕೆಲವು ಸೆಕೆಂಡು 55 ವ್ಯಾಟ್‌ವರೆಗೂ ಎಳೆದುಕೊಂಡು ಓಡಬಲ್ಲದು. ಬಿಸಿಯೇರಿದಂತೆ, ಇಲ್ಲವೇ ತಯಾರಕರು ಇಟ್ಟ ಗಡುವು ಮುಗಿದಂತೆ ತನ್ನ ಮೂಲ ಮಿತಿಯ ಆಸುಪಾಸಿಗೆ ಇಳಿಯುತ್ತದೆ. 4590 ಅಂಥ ಜಿಗಿತ ಜಿಗಿಯದು, ತಂಪು ಸರಿಯಾಗಿದ್ದರೆ ಹತ್ತನೆಯ ನಿಮಿಷದಲ್ಲೂ ಮೊದಲ ನಿಮಿಷದ ವೇಗವನ್ನೇ ಕೊಡುತ್ತದೆ. ಸಿನೆಬೆಂಚ್ ಆರ್23ರ ಮಲ್ಟಿ ಕೋರ್ ಪರೀಕ್ಷೆ ಹತ್ತು ನಿಮಿಷ ನಡೆಯುವಂತೆ ರೂಪಿಸಿರುವುದು ಈ ಇಳಿತವನ್ನು ಹಿಡಿಯಲೆಂದೇ; ಅದನ್ನು ಅರ್ಧಕ್ಕೆ ನಿಲ್ಲಿಸಬಾರದು. ಜೊತೆಗೆ ಎಚ್‌ಡಬ್ಲ್ಯುಇನ್ಫೊ ಎಂಬ ಮಾಪಕ ತಂತ್ರಾಂಶವನ್ನು ತೆರೆದಿಟ್ಟು ಉಷ್ಣಾಂಶ, ವೇಗ, ವ್ಯಾಟ್ ಮೂರನ್ನೂ ಮೊದಲ ನಿಮಿಷದಲ್ಲೊಮ್ಮೆ, ಕೊನೆಯ ನಿಮಿಷದಲ್ಲೊಮ್ಮೆ ಬರೆದುಕೊಳ್ಳಬೇಕು. ಗದಗ ಜಿಲ್ಲೆಯ ಏಪ್ರಿಲ್-ಮೇ ಬಿಸಿಲಿನಲ್ಲಿ ತಗಡಿನ ಸೂರಿನ ಅಂಗಡಿಯೊಳಗೆ ಪಡೆದ ಅಂಕವೂ ಎ.ಸಿ. ಷೋರೂಮಿನಲ್ಲಿ ತೋರಿಸಿದ ಅಂಕವೂ ಒಂದಾಗಿರುವುದಿಲ್ಲ. ಹಾಗಾಗಿ ಪರೀಕ್ಷೆ ನಡೆಯಬೇಕಾದದ್ದು ಯಂತ್ರ ದುಡಿಯುವ ಜಾಗದಲ್ಲಿ, ಅದೂ ಮಧ್ಯಾಹ್ನದ ಹೊತ್ತಿನಲ್ಲಿ.

ಅಂಕಗಳನ್ನು ಬರೆದಿಟ್ಟ ಬಳಿಕ ಸ್ವಂತ ಕೆಲಸವನ್ನೇ ಕೊಟ್ಟು ಗಡಿಯಾರ ಹಿಡಿಯಬೇಕು. ಇದರಷ್ಟು ನಂಬಬಹುದಾದ ಪರೀಕ್ಷೆ ಬೇರೆ ಇಲ್ಲ. ಮುದ್ರಣ ಕಾಶಿ ಎನಿಸಿಕೊಂಡ ಗದಗಿನ ನೆರೆಯಲ್ಲಿ ಪುಟವಿನ್ಯಾಸದ ತಂತ್ರಾಂಶ ಪೇಜ್‌ಮೇಕರ್ ಬಲ್ಲ ಕೈಗಳು ಬಹಳ. ಪೇಜ್‌ಮೇಕರಿನ ಕೊನೆಯ ಆವೃತ್ತಿ 7.0 ಬಂದದ್ದು 2001ರಲ್ಲಿ, ಹಲವು ಕೋರುಗಳ ಕಾಲಕ್ಕೆ ಮೊದಲು. ಪುಟ ಕಟ್ಟಲು 4590 ಧಾರಾಳ ಸಾಕು. ಹತ್ತು ಕೋರ್ ಇದ್ದರೂ ಆ ತಂತ್ರಾಂಶಕ್ಕೆ ಪ್ರಯೋಜನವಿಲ್ಲ. ಲಕ್ಷ್ಮೇಶ್ವರದ ಅಗಡಿ ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿ ಆಟೊಕ್ಯಾಡ್‌ನಲ್ಲಿ ನಕ್ಷೆ ಬರೆಯುವುದಾದರೆ ಒಂದು ಕೋರಿನ ಅಂಕವೇ ಮುಖ್ಯ. ಮದುವೆ ವಿಡಿಯೊದ ಸಂಕಲನದ ಮಾತು ಬೇರೆ. ಈಗಿನ ಮೊಬೈಲುಗಳು 4ಕೆ ವಿಡಿಯೊವನ್ನು ಸಾಮಾನ್ಯವಾಗಿ ಎಚ್‌ಇವಿಸಿ ರೂಪದಲ್ಲಿ ಉಳಿಸುತ್ತವೆ. ಅದನ್ನು ಬಿಡಿಸುವ ಪೂರ್ಣ ಹಾರ್ಡ್‌ವೇರ್ ನೆರವು 4590ರಲ್ಲಿ ಇಲ್ಲ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದಿದ್ದರೆ ಚಿತ್ರ ತಡವರಿಸುತ್ತದೆ. 1235ಯುನಲ್ಲಿ ಆ ನೆರವು ಒಳಗೇ ಇದೆ. ಐದು ನಿಮಿಷದ ಒಂದೇ ವಿಡಿಯೊ ತುಣುಕನ್ನು ಎರಡರಲ್ಲೂ ರೆಂಡರ್ ಮಾಡಿ, ಮೂರು ಸಲದ ಹೊತ್ತಿನಲ್ಲಿ ನಡುವಿನದನ್ನು ತೆಗೆದುಕೊಳ್ಳುವುದು ಸೂಕ್ತ.

ವಿದ್ಯುತ್ತಿನ ಲೆಕ್ಕವನ್ನೂ ಬಿಡಬಾರದು. ಪ್ರೊಸೆಸರಿನ ಮೇಲೆ ನಮೂದಾದ ವ್ಯಾಟನ್ನು ನೆಚ್ಚದೆ, ಗೋಡೆಯ ಸಾಕೆಟ್ಟಿಗೆ ಪ್ಲಗ್ ಮೀಟರ್ ಹಾಕಿ, ಮಾನಿಟರ್ ಸೇರಿಸಿ ಓದಬೇಕು. ಅಂತರ 60 ವ್ಯಾಟ್ ಬಂತೆನ್ನೋಣ. ದಿನಕ್ಕೆ 8 ತಾಸು, ತಿಂಗಳಿಗೆ 25 ದಿನ ಎಂದರೆ 12 ಯೂನಿಟ್. ಅದನ್ನು ಹೆಸ್ಕಾಂ ವಿದ್ಯುತ್ ಬಿಲ್ಲಿನ ದರದಿಂದ ಗುಣಿಸಿದರೆ ಉಳಿತಾಯ ಸಿಗುತ್ತದೆ. ಆ ಮೊತ್ತವೊಂದರಿಂದಲೇ ಹೊಸ ಲ್ಯಾಪ್‌ಟಾಪಿನ ಬೆಲೆ ಹುಟ್ಟುವುದಿಲ್ಲ, ಆದರೆ ಕರೆಂಟು ಹೋದಾಗ ಅರ್ಧ ಮುಗಿದ ಪುಟ ಬ್ಯಾಟರಿಯಿಂದ ಉಳಿಯುವುದಕ್ಕೂ ಬೆಲೆಯಿದೆ.

ಕೊನೆಯದಾಗಿ ಕಾರ್ಯಾಚರಣ ವ್ಯವಸ್ಥೆ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಇಂಟೆಲ್‌ನಲ್ಲಿ ಬಹುಮಟ್ಟಿಗೆ ಎಂಟನೆಯ ಪೀಳಿಗೆಯಿಂದ ಈಚಿನ ಪ್ರೊಸೆಸರುಗಳಿಗಷ್ಟೇ ಅಧಿಕೃತ, ಟಿಪಿಎಂ 2.0 ಎಂಬ ಭದ್ರತಾ ಘಟಕವೂ ಬೇಕು. ಆದ್ದರಿಂದ ವೇಗದಲ್ಲಿ ಪಾಸಾದ 4590 ಸಹ ಬ್ಯಾಂಕ್ ವ್ಯವಹಾರ, ಸರ್ಕಾರಿ ಅರ್ಜಿಗಳ ಕೆಲಸಕ್ಕೆ ವಿಂಡೋಸ್ 10ರಲ್ಲೇ ಮುಂದುವರಿಯುವುದು ಸುರಕ್ಷಿತವಲ್ಲ. ಅದಕ್ಕೆ ಲಿನಕ್ಸ್ ಹಾಕಿಸಬಹುದು. ಯೂನಿಕೋಡ್ ಕನ್ನಡ ಟೈಪಿಂಗ್ ಅಲ್ಲಿ ಚೆನ್ನಾಗಿ ನಡೆಯುತ್ತದೆ. ಪೇಜ್‌ಮೇಕರ್ ಮಾತ್ರ ಅಲ್ಲಿ ನೇರವಾಗಿ ಓಡದು. ಅದನ್ನೇ ನೆಚ್ಚಿದವರು ಹಳೆಯ ಯಂತ್ರದ ಇಂಟರ್‌ನೆಟ್ ತೆಗೆದು, ಪುಟ ಕಟ್ಟಲಷ್ಟೇ ಇಟ್ಟುಕೊಂಡು, ಅರ್ಜಿ ತುಂಬುವುದಕ್ಕೂ ವಿಡಿಯೊಗೂ ಲ್ಯಾಪ್‌ಟಾಪ್ ಕೊಳ್ಳಬಹುದು.