ಮುಚ್ಚಳದ ಒಳಗೊಂದು ಚೀಟಿ

ಪುಟ್ಟಿ,

ನಿನ್ನ ತಾತನ ವೈಕುಂಠ ಸಮಾರಾಧನೆ ಮುಗಿದ ಮಾರನೆಯ ದಿನ ನೀನು ಫೋನ್ ಮಾಡಿ, “ತಾತ, ಮಹಡಿ ರೂಮಿನ ಸಾಮಾನೆಲ್ಲ ಗುಜರಿಗೆ ಹಾಕ್ತಾರಂತೆ, ಒಂದ್ಸಲ ಬಂದು ನೋಡ್ತೀರಾ?” ಅಂದೆ. ನಾನು ಬಂದೆ. ಎರಡು ದಿನ ಇಬ್ಬರೂ ನೆಲದ ಮೇಲೆ ಕೂತು ವಿಂಗಡಿಸಿದೆವು. ಬೂಟ್ ಪಾಲಿಶ್ ಡಬ್ಬಿಗಳಲ್ಲಿ ರೆಸಿಸ್ಟರು, ಹಾರ್ಲಿಕ್ಸ್ ಬಾಟಲಿಗಳಲ್ಲಿ ಸ್ಕ್ರೂ, ಹಳೆಯ ಬನಿಯನ್ನಿನಲ್ಲಿ ಸುತ್ತಿಟ್ಟ ವಾಲ್ವುಗಳು. ನಾನು ಹೊರಡುವಾಗ ನೀನು ಬಾಗಿಲ ಹತ್ತಿರ ನಿಂತು, “ನಾನೂ ಕಲೀಬಹುದಾ?” ಅಂತ ಕೇಳಿದೆ. ಆವತ್ತು ನನ್ನ ಗಂಟಲು ಕಟ್ಟಿತ್ತು, ಉತ್ತರ ಹೇಳಲಾಗಲಿಲ್ಲ. ಈಗ ಬರೆಯುತ್ತಿದ್ದೇನೆ.

ನಿನಗೆ ಅವನು ತಾತ. ನನಗೆ ಐವತ್ತು ವರ್ಷದಿಂದ ಬರೀ ‘ಅವನು’. ಹಾಗೇ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡ.

“ಇದರಿಂದ ಏನು ಬರುತ್ತೆ?” ಅಂತ ನಿಮ್ಮಪ್ಪ ಕೇಳುತ್ತಾನೆ. ನಿನ್ನ ತಾತನನ್ನೂ ಹಾಗೇ ಕೇಳಿದವರು ಇದ್ದರು. ಆಗೆಲ್ಲ ಅವನು ವಾದಕ್ಕೆ ಇಳಿಯುತ್ತಿರಲಿಲ್ಲ. ಕೇಳಿದವರನ್ನು ಸಂಜೆ ಒಂಟಿಕೊಪ್ಪಲಿನ ಕಡೆ ವಾಕಿಂಗಿಗೆ ಕರೆದುಕೊಂಡು ಹೋಗುತ್ತಿದ್ದ. ಅಲ್ಲಿ, 1935ರಲ್ಲಿ, ಮಹಾರಾಜ ಕಾಲೇಜಿನ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದಲೇ ರೇಡಿಯೊ ಪ್ರಸಾರ ಶುರು ಮಾಡಿದರು. ಪಾಠ ಹೇಳುತ್ತಿದ್ದುದು ಮನಶ್ಶಾಸ್ತ್ರ; ಪ್ರಸಾರ ಅವರ ಹುಚ್ಚು. ಅದಕ್ಕೆ ಇಟ್ಟ ಹೆಸರು ‘ಆಕಾಶವಾಣಿ’. ಆಮೇಲೆ ಇಡೀ ದೇಶದ ರೇಡಿಯೊ ಆ ಹೆಸರನ್ನೇ ಇಟ್ಟುಕೊಂಡಿತು. ಹುಚ್ಚಿನಿಂದ ಏನು ಬರುತ್ತೆ ಅನ್ನುವುದಕ್ಕೆ ಮೈಸೂರಿನವರು ದೂರ ಹೋಗಿ ಉದಾಹರಣೆ ಹುಡುಕಬೇಕಾಗಿಲ್ಲ.

ಹಾಗಂತ ನೀನು ಆಕಾಶವಾಣಿ ಕಟ್ಟಬೇಕಾಗಿಲ್ಲ. ಸತ್ತ ಒಂದು ಸೆಟ್ಟು ಮಾತಾಡಿದರೆ ಸಾಕು.

ಮೊದಲು ಜೀವದ ಮಾತು. ವಾಲ್ವ್ ಸೆಟ್ಟಿನ ಒಳಗೆ 250 ವೋಲ್ಟಿನ ಆಸುಪಾಸು ಡಿಸಿ ಓಡಾಡುತ್ತದೆ. ಪ್ಲಗ್ ಕಿತ್ತ ಮೇಲೂ ದೊಡ್ಡ ಕೆಪಾಸಿಟರಿನಲ್ಲಿ ಅದು ಕೂತಿರುತ್ತದೆ. ಕೆಲವು ಸಾವಿರ ಓಮಿನ ದಪ್ಪ ರೆಸಿಸ್ಟರಿನಿಂದ ಅದನ್ನು ಇಳಿಸಿ, ಮೀಟರಿನಲ್ಲಿ ನೋಡಿ, ಆಮೇಲೆ ಕೈ ಹಾಕು. ಎಸಿ-ಡಿಸಿ ಸೆಟ್ಟುಗಳಲ್ಲಿ ಚಾಸಿಗೇ ಮೈನ್ಸ್ ಬಂದಿರಬಹುದು. ಅವನ್ನು ಸದ್ಯಕ್ಕೆ ಮುಟ್ಟಲೇಬೇಡ. ಕರೆಂಟ್ ಇರುವಾಗ ಅಳೆಯಲೇಬೇಕಾದ ದಿನ ಬಂದರೆ ನನ್ನನ್ನು ಕರಿ. ಎಡಗೈ ಬೆನ್ನ ಹಿಂದೆ ಇಟ್ಟುಕೊಂಡು ಬಲಗೈಯಲ್ಲಿ ಅಳೆಯುವುದು ಹೇಗೆ ಅಂತ ತೋರಿಸುತ್ತೇನೆ. ಇನ್ನು ಬೆಸುಗೆಯ ಸೀಸ. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರಲ್ಲ, ಈ ಕೆಲಸದಲ್ಲಿ ಮೊಸರಿಗೆ ಮುಂಚೆ ಸೋಪು ಹಾಕಿ ಕೈ ತೊಳೆಯಬೇಕು. ನಿಮ್ಮಜ್ಜಿ ಇದಕ್ಕಾಗಿ ಅವನ ಜೊತೆ ಜಗಳ ಆಡದ ದಿನವಿಲ್ಲ. ಗೆದ್ದದ್ದೂ ಅವರೇ.

ಎರಡನೆಯದು, ದುಡ್ಡು ಹಾಕುವ ಮೊದಲು ತಲೆ ಹಾಕು. ಒಂದು ಉದಾಹರಣೆ ಹೇಳುತ್ತೇನೆ. ಸೆಟ್ಟು ಬೆಳಗುತ್ತದೆ, ಸ್ಪೀಕರಿನಲ್ಲಿ ಸಣ್ಣಗೆ ಗುಂಯ್ ಅನ್ನುತ್ತದೆ, ಸ್ಟೇಷನ್ ಒಂದೂ ಇಲ್ಲ. ನಾನಾಗಿದ್ದರೆ ಬೆಂಗಳೂರಿಗೆ ರೈಲು ಹತ್ತಿ ಎಸ್.ಪಿ. ರೋಡಿನಲ್ಲಿ ವಾಲ್ವ್ ಹುಡುಕುತ್ತಿದ್ದೆ. ಅವನು ಅಡುಗೆಮನೆಯ ಪುಟ್ಟ ಟ್ರಾನ್ಸಿಸ್ಟರ್ ತಂದು ಪಕ್ಕದಲ್ಲಿಟ್ಟ. ಬೆಂಗಳೂರು ಆಕಾಶವಾಣಿ 612 ಕಿಲೊಹರ್ಟ್ಸ್. ಅದನ್ನು ಹಿಡಿಯಲು ಸೆಟ್ಟಿನ ಆಸಿಲೇಟರ್, ಅಂದರೆ ಒಳಗೇ ಅಲೆ ಹುಟ್ಟಿಸುವ ಭಾಗ, ಆ 612ಕ್ಕೆ ಸೆಟ್ಟಿನ ಮಧ್ಯಂತರ ಆವರ್ತನವಾದ 455 ಸೇರಿಸಿ 1067ರಲ್ಲಿ ಮಿಡಿಯಬೇಕು. ಅವನು ಟ್ರಾನ್ಸಿಸ್ಟರನ್ನು 1067ರ ಆಚೀಚೆ, ಸ್ಟೇಷನ್ ಇಲ್ಲದ ಕಡೆ ನಿಲ್ಲಿಸಿ, ಸತ್ತ ಸೆಟ್ಟಿನ ಮುಳ್ಳನ್ನು 612ರ ಹತ್ತಿರ ಮೆಲ್ಲಗೆ ಆಡಿಸಿದ. ಟ್ರಾನ್ಸಿಸ್ಟರಿನ ಗೊರಗೊರ ತಟ್ಟನೆ ಅಡಗಿತು. “ನೋಡು, ಆಸಿಲೇಟರ್ ಉಸಿರಾಡ್ತಿದೆ. ರೋಗ ಬೇರೆ ಕಡೆ ಇದೆ,” ಅಂದ. ಖರ್ಚು ಸೊನ್ನೆ. ಆವತ್ತಿನಿಂದ ಅವನ ಹಿಂದೆ ಬಿದ್ದವನು ನಾನು.

ಮೂರನೆಯದು, ಫ್ಯೂಸ್ ಹೇಳಿದ್ದನ್ನು ಕೇಳಿಸಿಕೋ. ಇದು ನನ್ನ ತಪ್ಪಿನ ಕಥೆ. ನಮ್ಮಪ್ಪನ ರೇಡಿಯೊ. ಫ್ಯೂಸ್ ಹಾಕಿದಷ್ಟು ಸಲ ಸುಟ್ಟು ಹೋಗುತ್ತಿತ್ತು. ತಾಳ್ಮೆ ಕೆಟ್ಟು, ದಪ್ಪ ತಾಮ್ರದ ಎಳೆ ಸುತ್ತಿ ಸ್ವಿಚ್ ಹಾಕಿದೆ. ಸೆಟ್ಟು ಅರ್ಧ ನಿಮಿಷ ಗುಡುಗಿತು, ಆಮೇಲೆ ವಾರ್ನಿಷ್ ಸುಟ್ಟ ವಾಸನೆ ಮನೆ ತುಂಬಿತು. ಕೆಟ್ಟಿದ್ದು ಮೂರು ಕಾಸಿನ ಫಿಲ್ಟರ್ ಕೆಪಾಸಿಟರ್. ನಾನು ಸುಟ್ಟಿದ್ದು ಟ್ರಾನ್ಸ್‌ಫಾರ್ಮರ್. ಅಪ್ಪನಿಗೆ ಗೊತ್ತಾಗುವ ಮೊದಲು ಸೆಟ್ಟನ್ನು ಸೈಕಲ್ ಕ್ಯಾರಿಯರಿಗೆ ಕಟ್ಟಿಕೊಂಡು ಅವನ ಮನೆಗೆ ಓಡಿದೆ. ಅವನು ಬೈಯಲಿಲ್ಲ. ಬಾಬಿನ್ ಬಿಚ್ಚಿ, ಸುತ್ತು ಎಣಿಸಿ, ನಾಲ್ಕು ರಾತ್ರಿ ಕೂತು ಹೊಸ ತಂತಿ ಸುತ್ತಿದ. ಎಣಿಕೆ ತಪ್ಪದಿರಲಿ ಅಂತ ನೂರಕ್ಕೊಂದು ಹುಣಿಸೆ ಬೀಜ ಎತ್ತಿಡುವುದು ನನ್ನ ಕೆಲಸ.

ಅವನಿಗೆ ಇನ್ನೊಂದು ಅಭ್ಯಾಸವಿತ್ತು, ನೀನು ನೋಡಿಲ್ಲ. ರಿಪೇರಿ ಮುಗಿದ ಮೇಲೆ ಹಿಂದಿನ ಮುಚ್ಚಳದ ಒಳಮೈಗೆ ಒಂದು ಚೀಟಿ ಅಂಟಿಸುತ್ತಿದ್ದ: ತಾರೀಖು, ಏನು ಕೆಟ್ಟಿತ್ತು, ಏನು ಹಾಕಿದೆ. ಯಾರು ನೋಡ್ತಾರೋ ಇದನ್ನ, ಅಂತ ರೇಗಿಸುತ್ತಿದ್ದೆ. “ಮುಂದೆ ತೆಗೆಯೋನು ನೋಡ್ತಾನೆ,” ಅನ್ನುತ್ತಿದ್ದ.

ಅವನ ಇನ್ನೊಂದು ಹುಚ್ಚು ಹ್ಯಾಮ್ ರೇಡಿಯೊ, ಅಂದರೆ ಪರವಾನಗಿ ಪಡೆದ ಹವ್ಯಾಸಿಗಳು ರೇಡಿಯೊದಲ್ಲೇ ಪರಸ್ಪರ ಮಾತಾಡುವುದು. ಅಲ್ಲೂ ಅಷ್ಟೆ. ಪ್ರತಿ ಮಾತುಕತೆಯೂ ಲಾಗ್‌ಬುಕ್ಕಿಗೆ ಹತ್ತಬೇಕು. ಸದ್ದು ಎಷ್ಟು ಸ್ಪಷ್ಟ ಅನ್ನುವುದಕ್ಕೆ ಒಂದರಿಂದ ಐದು, ಎಷ್ಟು ಗಟ್ಟಿ ಅನ್ನುವುದಕ್ಕೆ ಒಂದರಿಂದ ಒಂಬತ್ತು. ಸೌಜನ್ಯಕ್ಕೆ ಎಲ್ಲರಿಗೂ ‘ಐದು-ಒಂಬತ್ತು’ ಹಂಚುವವರು ಬಹಳ. ಇವನು ಮೂರು ಇದ್ದರೆ ಮೂರೇ ಅನ್ನುತ್ತಿದ್ದ. ಕೆಲವರಿಗೆ ಕೋಪ ಬರುತ್ತಿತ್ತು. ಇನ್ನು ಕೆಲವರು ಆ ಮಾತು ನಂಬಿ ಆಂಟೆನಾ ಸರಿ ಮಾಡಿಕೊಂಡರು. ನಿನಗೆ ಇಷ್ಟವಾದರೆ ಪರವಾನಗಿಯ ಪರೀಕ್ಷೆ ಕಟ್ಟು. ಹನ್ನೆರಡು ತುಂಬಿದವರು ಬರೆಯಬಹುದು, ನಿನಗೆ ಹದಿನೇಳು. ಶುರುವಿನ ದರ್ಜೆಗೆ ಈಗ ಮೋರ್ಸ್ ಸಂಕೇತ ಕೂಡ ಬೇಡ. ಪರವಾನಗಿ ಕೈಗೆ ಬರುವವರೆಗೆ ಪ್ರಸಾರ ಮಾತ್ರ ಮಾಡಬೇಡ. ಅಲ್ಲಿಯವರೆಗೆ ಕೇಳು, ಪರವಾನಗಿ ಬಂದ ಮೇಲೂ ಮಾತಿಗೆ ಮುಂಚೆ ಕೇಳು.

ತೀರಿಕೊಂಡ ಹ್ಯಾಮ್ ಹವ್ಯಾಸಿಯನ್ನು ಜೊತೆಯವರು ‘ಸೈಲೆಂಟ್ ಕೀ’ ಅನ್ನುತ್ತಾರೆ, ಕೀಲಿ ಸುಮ್ಮನಾಯಿತು ಅಂತ. ಮೋರ್ಸ್ ಕೀಲಿಯ ಕಾಲದ ಮಾತು. ಅವನು ಹೋದ ವಾರ ನನಗೂ ಮನೆಯೆಲ್ಲ ಸುಮ್ಮನಾದ ಹಾಗಿತ್ತು. ಕೈಗೆ ಏನಾದರೂ ಕೆಲಸ ಬೇಕು ಅನ್ನಿಸಿ, ಅಟ್ಟದಲ್ಲಿದ್ದ ಅಪ್ಪನ ರೇಡಿಯೊ ಇಳಿಸಿ ಮುಚ್ಚಳ ತೆಗೆದೆ. ಚೀಟಿ ಅಲ್ಲೇ ಇತ್ತು. ಪೆನ್ಸಿಲ್ ಅಕ್ಷರ, ಸ್ವಲ್ಪವೂ ಮಾಸಿಲ್ಲ: “ಫಿಲ್ಟರ್ ಕೆಪಾಸಿಟರ್ ಶಾರ್ಟ್. ಫ್ಯೂಸಿಗೆ ದಪ್ಪ ತಂತಿ ಹಾಕಿದ್ದರಿಂದ ಟ್ರಾನ್ಸ್‌ಫಾರ್ಮರ್ ಸುಟ್ಟಿತು. ತಪ್ಪು ನಮ್ಮದು.”

ನಮ್ಮದು ಅಂತ ಬರೆದಿದ್ದಾನೆ, ಪುಟ್ಟಿ. ತಂತಿ ಸುತ್ತಿದವನು ನಾನೊಬ್ಬನೇ.

ನಾನು ಹೇಳಬೇಕಾದ್ದು ಇದೊಂದೇ, ಉಳಿದದ್ದೆಲ್ಲ ಪುಸ್ತಕದಲ್ಲಿ ಸಿಗುತ್ತದೆ. ಸರಿ ಮಾಡಿದ್ದನ್ನು ಬರಿ, ಕೆಡಿಸಿದ್ದನ್ನೂ ಬರಿ. ಕೆಡಿಸಿದ್ದನ್ನು ಬಚ್ಚಿಟ್ಟರೆ ಮುಂದೆ ತೆಗೆಯುವವರು ಅದೇ ಹಳ್ಳಕ್ಕೆ ಬೀಳುತ್ತಾರೆ. ಜೊತೆಗಿದ್ದವರು ಕೆಡಿಸಿದರೆ ಹೆಸರು ಬರೆಯಬೇಡ. ನಮ್ಮದು ಅಂತ ಬರಿ. ನೀನು ಕಾಲೇಜಿನಲ್ಲಿ ಪ್ರೋಗ್ರಾಂ ಬರೆದರೂ ಇದೇ ಮಾತು, ಮನೆಯ ಮಿಕ್ಸಿ ಬಿಚ್ಚಿದರೂ ಇದೇ ಮಾತು.

ಆ ರೇಡಿಯೊ ಈಗ ನಿನಗೆ. ಭಾನುವಾರ ಆಟೊದಲ್ಲಿ ತರುತ್ತೇನೆ. ಸದ್ಯಕ್ಕೆ ಹಾಡುತ್ತದೆ, ಆದರೆ ಸ್ವರ ಒಡೆದಿದೆ, ಔಟ್‌ಪುಟ್ ವಾಲ್ವ್ ವಿಪರೀತ ಬಿಸಿಯಾಗುತ್ತದೆ. ಅದರ ಗ್ರಿಡ್ಡಿಗೆ ಬರುವ ಹಳೆಯ ಪೇಪರ್ ಕೆಪಾಸಿಟರ್ ಸೋರುತ್ತಿರಬೇಕು. ಬೇಕಂತಲೇ ಬದಲಾಯಿಸಿಲ್ಲ, ಇಬ್ಬರೂ ಕೂತು ಅಳೆದು ನೋಡೋಣ. ಚೀಟಿಯಲ್ಲಿ ಅವನ ಸಾಲಿನ ಕೆಳಗೆ ಇನ್ನೂ ಜಾಗವಿದೆ. ಪೆನ್ಸಿಲ್ ಚೂಪು ಮಾಡಿಟ್ಟಿರು. ಶಾಯಿ ವಾಲ್ವಿನ ಬಿಸಿಗೆ ಮಾಸುತ್ತದೆ ಅಂತ ಅವನು ಹೇಳುತ್ತಿದ್ದ.

ಇಂತಿ ನಿನ್ನ ತಾತನ ಗೆಳೆಯ