ಇಂದಿನ ಧಮ್ಮ ಚಿಂತನೆ: ಎರಡು ಮಕ್ಕಳ ಸಾವು, ಎರಡು ಉತ್ತರ





ಕಳೆದ ಭಾನುವಾರದ ಅಧ್ಯಯನದಲ್ಲಿ ಒಬ್ಬ ತಂಗಿ ಕೇಳಿದ ಪ್ರಶ್ನೆಯನ್ನು ಇವತ್ತು ಎಲ್ಲರ ಮುಂದೆ ಇಡುತ್ತಿದ್ದೇನೆ. "ಅಣ್ಣಾ, ಶಂಬೂಕನ ಕೊಲೆಯಲ್ಲಿ ತಪ್ಪು ಯಾರದು? ಕೊಂದ ರಾಮನದೋ, ದೂರು ತಂದ ಬ್ರಾಹ್ಮಣನದೋ, ಕಾರಣ ಹೇಳಿಕೊಟ್ಟ ನಾರದನದೋ, ಬರೆದ ಕವಿಯದೋ?" ಪಕ್ಕದಲ್ಲಿದ್ದ ಹಿರಿಯರೊಬ್ಬರು, "ರಾಮನನ್ನು ಪೂಜಿಸುವುದಿಲ್ಲ ಅಂತ ನಾವು ಪ್ರತಿಜ್ಞೆ ಮಾಡಿಯಾಗಿದೆ, ನಮಗೆ ಆ ಉಸಾಬರಿ ಯಾಕೆ?" ಎಂದರು. ಇಬ್ಬರ ಮಾತೂ ಯೋಚಿಸುವಂಥದ್ದೇ.

*ಮೊದಲನೆಯ ಮಗು*

ರಾಮಾಯಣದ ಉತ್ತರಕಾಂಡದಲ್ಲಿ ಒಬ್ಬ ಬ್ರಾಹ್ಮಣ ತನ್ನ ಸತ್ತ ಮಗುವನ್ನು ಎತ್ತಿಕೊಂಡು ಅರಮನೆಯ ಬಾಗಿಲಿಗೆ ಬರುತ್ತಾನೆ. ತಂದೆ ಬದುಕಿರುವಾಗ ಮಗ ಸತ್ತನೆಂದರೆ ರಾಜನ ಆಳ್ವಿಕೆಯಲ್ಲೇ ದೋಷವಿದೆ ಎಂದು ಗೋಳಿಡುತ್ತಾನೆ. ರಾಮ ಸಭೆ ಕರೆಯುತ್ತಾನೆ. ರಾಜ್ಯದಲ್ಲಿ ಎಲ್ಲೋ ಒಬ್ಬ ಶೂದ್ರ ತಪಸ್ಸು ಮಾಡುತ್ತಿದ್ದಾನೆ, ಅದೇ ಕಾರಣ ಎಂದು ನಾರದ ಹೇಳುತ್ತಾನೆ. ರಾಮ ಪುಷ್ಪಕ ಏರಿ ಹುಡುಕುತ್ತಾನೆ. ಸರೋವರದ ಬಳಿ ತಲೆಕೆಳಗಾಗಿ ತಪಸ್ಸು ಮಾಡುತ್ತಿದ್ದ ಶಂಬೂಕನನ್ನು ಕಂಡು, ನೀನು ಯಾವ ವರ್ಣದವನು ಎಂದು ಕೇಳುತ್ತಾನೆ. ಶಂಬೂಕ ಸುಳ್ಳು ಹೇಳುವುದಿಲ್ಲ, ಶೂದ್ರ ಎನ್ನುತ್ತಾನೆ. ಅಷ್ಟಕ್ಕೇ ತಲೆ ಉರುಳುತ್ತದೆ. ದೇವತೆಗಳು ಕೊಂಡಾಡುತ್ತಾರೆ. ಅದೇ ಹೊತ್ತಿಗೆ ಊರಿನಲ್ಲಿ ಮಗು ಎದ್ದು ಕೂರುತ್ತದೆ.

ಒಂದು ಸಂಗತಿ ಗಮನಿಸಿ. ಮಗುವಿಗೆ ಜ್ವರ ಬಂದಿತ್ತೇ, ಹಾವು ಕಚ್ಚಿತ್ತೇ ಎಂದು ಸಭೆಯಲ್ಲಿ ಯಾರೂ ಕೇಳುವುದಿಲ್ಲ. ಸತ್ತದ್ದು ಹೇಗೆ ಎಂಬ ಪ್ರಶ್ನೆಯೇ ಇಲ್ಲ. ತಪ್ಪಿತಸ್ಥ ಯಾರು ಎಂಬ ಪ್ರಶ್ನೆ ಮಾತ್ರ ಇದೆ. ಮಗು ಬದುಕಿತು ಎಂದು ಕತೆ ಮುಗಿಸಿದ್ದರಿಂದ ಕೇಳುವವನಿಗೆ ಕೊಲೆಯೇ ನ್ಯಾಯವಾಗಿ ಕಾಣುತ್ತದೆ. ಸಾಹಿತ್ಯದ ಶಕ್ತಿ ಇರುವುದು ಇಲ್ಲೇ, ಅಪಾಯ ಇರುವುದೂ ಇಲ್ಲೇ.

ನಮ್ಮ ಕನ್ನಡದಲ್ಲಿ ಕುವೆಂಪು ಈ ಕತೆಯನ್ನು ಹಾಗೇ ಬಿಡಲಿಲ್ಲ. 1944ರ 'ಶೂದ್ರ ತಪಸ್ವಿ' ನಾಟಕದಲ್ಲಿ ರಾಮ ಬಿಟ್ಟ ಅಸ್ತ್ರ ತಪಸ್ವಿಯನ್ನು ಕೊಲ್ಲುವುದಿಲ್ಲ, ದೂರು ತಂದ ಬ್ರಾಹ್ಮಣನ ಕಡೆಗೇ ತಿರುಗುತ್ತದೆ. ತಪಸ್ವಿಗೆ ತಲೆಬಾಗಿದ ಮೇಲೆಯೇ ಅವನಿಗೆ ಬಿಡುಗಡೆ. ಹಳೆಯ ಕತೆಯನ್ನು ಹೀಗೆ ಬದಲಿಸಬಹುದೇ ಎಂದು ಮಾಸ್ತಿಯವರು ಆಕ್ಷೇಪ ಎತ್ತಿದರು. ಕುವೆಂಪು ದೋಷವನ್ನು ಶಂಬೂಕನ ತಲೆಯಿಂದ ಇಳಿಸಿದರು, ರಾಮನನ್ನೂ ಉಳಿಸಿಕೊಂಡರು.

*ಬಾಬಾಸಾಹೇಬರ ಉತ್ತರ*

ಬಾಬಾಸಾಹೇಬರು 1936ರ 'ಜಾತಿ ವಿನಾಶ'ದಲ್ಲಿ ಇದೇ ಪ್ರಸಂಗವನ್ನು ಎತ್ತಿಕೊಂಡು ಬೇರೆ ದಾರಿ ಹಿಡಿದರು. ರಾಮನೊಬ್ಬನನ್ನು ಬೈದರೆ ಇಡೀ ಸಂಗತಿಯೇ ಅರ್ಥವಾಗಿಲ್ಲ ಎಂದಾಗುತ್ತದೆ ಎಂಬುದು ಅವರ ವಾದ. ರಾಮರಾಜ್ಯ ನಿಂತಿದ್ದು ಚಾತುರ್ವರ್ಣ್ಯದ ಮೇಲೆ. ಅದನ್ನು ಕಾಪಾಡುವುದು ಆ ರಾಜನ ಕರ್ತವ್ಯವಾಗಿತ್ತು. ದಂಡನೆಯ ಭಯವಿಲ್ಲದೆ ಚಾತುರ್ವರ್ಣ್ಯ ನಿಲ್ಲುವುದಿಲ್ಲ ಎಂಬುದಕ್ಕೆ ಈ ಕತೆಯೇ ಸಾಕ್ಷಿ.

ತಂಗಿಯ ಪ್ರಶ್ನೆಗೆ ನನಗೆ ಸಿಕ್ಕ ಉತ್ತರ ಇದು. ಒಬ್ಬನನ್ನು ದೂಷಿಸಿ ಸಮಾಧಾನಪಟ್ಟರೆ ವ್ಯವಸ್ಥೆ ತಪ್ಪಿಸಿಕೊಳ್ಳುತ್ತದೆ. ರಾಮ ಒಳ್ಳೆಯವನೋ ಕೆಟ್ಟವನೋ ಎನ್ನುವುದಕ್ಕಿಂತ, ಕೊಲ್ಲುವುದನ್ನೇ ಕರ್ತವ್ಯ ಮಾಡುವ ಧರ್ಮ ಎಂಥದ್ದು ಎಂಬುದು ದೊಡ್ಡ ಪ್ರಶ್ನೆ.

*ಎರಡನೆಯ ಮಗು*

ಈಗ ಶ್ರಾವಸ್ತಿಗೆ ಬನ್ನಿ. ಕಿಸಾಗೋತಮಿ ಬಡವರ ಮನೆಯ ಹೆಣ್ಣು. ಗಂಡನ ಮನೆಯಲ್ಲಿ ತಾತ್ಸಾರ ಉಂಡವಳು. ಮಗ ಹುಟ್ಟಿದ ಮೇಲೆ ಸ್ವಲ್ಪ ಮರ್ಯಾದೆ ಸಿಕ್ಕಿತು. ಆಡಿಕೊಂಡಿದ್ದ ಆ ಮಗು ಸತ್ತುಹೋಯಿತು. ಹೆಣವನ್ನು ಸೊಂಟದ ಮೇಲಿಟ್ಟುಕೊಂಡು ಮದ್ದು ಕೊಡಿ ಎಂದು ಮನೆಮನೆ ತಿರುಗಿ, ಕೊನೆಗೆ ಭಗವಾನ್ ಬುದ್ಧರ ಬಳಿ ಬಂದಳು. ಸಾವಿಲ್ಲದ ಮನೆಯಿಂದ ಸಾಸಿವೆ ತಾ ಎಂದರು ಬುದ್ಧರು. ಮುಂದಿನದು ನಿಮಗೆಲ್ಲ ಗೊತ್ತು.

ಈ ಕತೆಯನ್ನು ಶಂಬೂಕನ ಕತೆಯ ಪಕ್ಕದಲ್ಲಿಟ್ಟು ನೋಡಿ. ಎರಡೂ ಕಡೆ ಸತ್ತ ಮಗು, ಗೋಳಿಡುವ ಹೆತ್ತವರು. ಒಂದು ಕಡೆ ರಾಜ ಕತ್ತಿ ಹಿಡಿದು ತಪ್ಪಿತಸ್ಥನನ್ನು ಹುಡುಕಿ ಹೊರಟ. ಇನ್ನೊಂದು ಕಡೆ ತಾಯಿಯೇ ಖಾಲಿ ಕೈಯಲ್ಲಿ ಮನೆಮನೆಗೆ ಹೋದಳು. ಬುದ್ಧರು ಅವಳಿಗೆ, ಇದು ನಿನ್ನ ಹಿಂದಿನ ಜನ್ಮದ ಪಾಪ ಎನ್ನಲಿಲ್ಲ. ನೆರೆಯವರ ಕಣ್ಣು ಬಿತ್ತು ಎನ್ನಲಿಲ್ಲ. ಕೀಳು ಜಾತಿಯವನೊಬ್ಬ ಮಿತಿ ಮೀರಿದ ಎನ್ನಲಿಲ್ಲ. ಮಗು ಎದ್ದು ಕೂರಲೂ ಇಲ್ಲ. ಆದರೆ ಯಾರ ರಕ್ತವೂ ನೆಲಕ್ಕೆ ಬೀಳಲಿಲ್ಲ. ಪ್ರತಿ ಹೊಸ್ತಿಲಲ್ಲೂ ಅವಳಿಗೆ ಸಿಕ್ಕಿದ್ದು ತನ್ನಂತೆಯೇ ಅತ್ತಿದ್ದ ಮನುಷ್ಯರು.

*ಹಾಗಾದರೆ ಯಾರದೂ ತಪ್ಪಿಲ್ಲವೇ?*

ಇದೆ. ಸಾವು ಎಲ್ಲರಿಗೂ ಬರುತ್ತದೆ ಎಂದ ಮಾತ್ರಕ್ಕೆ ತಪ್ಪಿಸಬಹುದಾದ ಸಾವನ್ನು ಸುಮ್ಮನೆ ಒಪ್ಪಿಕೊಳ್ಳಬೇಕಿಲ್ಲ. ಸಂಯುತ್ತ ನಿಕಾಯದಲ್ಲಿ ಸೀವಕ ಎಂಬ ಪರಿವ್ರಾಜಕ ಕೇಳುತ್ತಾನೆ: ಮನುಷ್ಯ ಅನುಭವಿಸುವುದೆಲ್ಲ ಹಿಂದೆ ಮಾಡಿದ್ದರ ಫಲ ಎಂದು ಕೆಲವರು ಹೇಳುತ್ತಾರಲ್ಲ, ನೀವೇನು ಹೇಳುತ್ತೀರಿ? ಬುದ್ಧರು ಅದನ್ನು ಒಪ್ಪುವುದಿಲ್ಲ. ಪಿತ್ತ, ಕಫ, ವಾತ, ಇವು ಮೂರೂ ಕೂಡಿದ್ದು, ಋತುವಿನ ಬದಲಾವಣೆ, ಅಜಾಗರೂಕತೆ, ಇನ್ನೊಬ್ಬರ ಹಲ್ಲೆ ಇವುಗಳಿಂದಲೂ ನೋವು ಬರುತ್ತದೆ ಎನ್ನುತ್ತಾರೆ. ಎಂಟು ಕಾರಣಗಳಲ್ಲಿ ಕರ್ಮ ಕೊನೆಯ ಒಂದು. ಅಂಗುತ್ತರ ನಿಕಾಯದಲ್ಲಿ ಇನ್ನೊಂದು ಮಾತು ಬರುತ್ತದೆ: ಎಲ್ಲವೂ ಪೂರ್ವಕರ್ಮ ಎಂದರೆ, ಇದು ಮಾಡಬೇಕಾದ್ದು, ಇದು ಮಾಡಬಾರದ್ದು ಎಂಬ ಪ್ರಯತ್ನಕ್ಕೇ ಅರ್ಥ ಉಳಿಯುವುದಿಲ್ಲ.

ನಾನು ಚಿಕ್ಕವನಿದ್ದಾಗ ನಮ್ಮ ಕೇರಿಯಲ್ಲಿ ವಾಂತಿಭೇದಿಯಿಂದ ಒಂದು ಕೂಸು ತೀರಿಕೊಂಡಿತು. ಚರಂಡಿ ನೀರು ಸೇರುವ ಬಾವಿಯೇ ನಮಗೆ ಕುಡಿಯುವ ನೀರಿನ ಬಾವಿ. ಮಾರಿ ಮುನಿದಳು ಎಂದರು ಕೆಲವರು, ಹೆತ್ತವಳ ಕರ್ಮ ಎಂದರು ಇನ್ನು ಕೆಲವರು. ಆ ತಾಯಿ ವರ್ಷಗಟ್ಟಲೆ ತಲೆ ಎತ್ತಿ ನಡೆಯಲಿಲ್ಲ. ಬಾವಿಯನ್ನು ಯಾರೂ ದೂರಲಿಲ್ಲ. ಕೇರಿಗೆ ಒಳ್ಳೆಯ ನೀರು ಕೊಡಬೇಕಾದವರನ್ನು ಯಾರೂ ಕೇಳಲಿಲ್ಲ. ಬಡವರ ಸ್ಥಿತಿಗೆ ಸಮಾಜ ಮತ್ತು ರಾಜ್ಯ ಹೊಣೆಯಲ್ಲ ಎನ್ನಿಸಲಿಕ್ಕೇ ಪೂರ್ವಕರ್ಮದ ಸಿದ್ಧಾಂತ ಬಳಕೆಯಾಗುತ್ತದೆ ಎಂದು 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಬಾಬಾಸಾಹೇಬರು ಹೇಳಿದ್ದನ್ನು ಓದಿದಾಗಲೆಲ್ಲ ನನಗೆ ಆ ಬಾವಿ ಕಣ್ಣ ಮುಂದೆ ಬರುತ್ತದೆ.

ಮಾಡಿದ್ದು ತಾನೇ ಆದರೆ ಹೊಣೆಯೂ ತನ್ನದೇ. ಅಂಗುಲಿಮಾಲ ಭಿಕ್ಷುವಾದ ಮೇಲೂ ಜನ ಕಲ್ಲೆಸೆದರು. ತಲೆ ಒಡೆದು, ಪಾತ್ರೆ ಮುರಿದು, ಚೀವರ ಹರಿದು ಬಂದಾಗ ಬುದ್ಧರು ಸಹಿಸಿಕೋ ಎಂದರು, ಅದು ಅವನದೇ ಕೃತ್ಯದ ಫಲ. ಅವನಿಗೆ ದೀಕ್ಷೆ ಕೊಟ್ಟರು, ಹೊಣೆಯಿಂದ ಬಿಡುಗಡೆ ಕೊಡಲಿಲ್ಲ. ಶಂಬೂಕನ ಮೇಲೆ ಹೇರಿದ ದೋಷಕ್ಕೂ ಅಂಗುಲಿಮಾಲನ ಹೊಣೆಗೂ ಇರುವ ವ್ಯತ್ಯಾಸ ಇದೇ. ಅಲ್ಲಿ ನೋಡಿದ್ದು ಹುಟ್ಟನ್ನು, ಇಲ್ಲಿ ನೋಡಿದ್ದು ಮಾಡಿದ ಕೆಲಸವನ್ನು.

*ನಮಗೇಕೆ ಈ ಚರ್ಚೆ?*

1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು 22 ಪ್ರತಿಜ್ಞೆ ಕೊಟ್ಟರು. ರಾಮನ ಫೋಟೋ ಇಳಿಸುವುದು ಒಂದು ದಿನದ ಕೆಲಸ. ಆ ಅರಮನೆಯ ಲೆಕ್ಕಾಚಾರವನ್ನು ಮನಸ್ಸಿನಿಂದ ಇಳಿಸುವುದು ಕಷ್ಟ. ಮನೆಯಲ್ಲಿ ಸಾವಾದರೆ ಸೊಸೆಯ ಕಾಲ್ಗುಣ ಎನ್ನುವ ಮಾತು ಬುದ್ಧ ವಂದನೆ ಹೇಳುವ ಮನೆಗಳಲ್ಲೂ ಕೇಳಿಬರುತ್ತದೆ. ಬಾನಾಮತಿ, ಮಾಟ ಎಂದು ಒಂಟಿ ಹೆಂಗಸರ ಮೇಲೆ ಹೇರಿ ಹಿಂಸಿಸುವುದನ್ನು ತಡೆಯಲು ನಮ್ಮ ರಾಜ್ಯ 2017ರಲ್ಲಿ ಕಾಯ್ದೆಯನ್ನೇ ತರಬೇಕಾಯಿತು. ಹೀಗೆ ಬೆರಳು ತೋರಿಸುವ ಪ್ರತಿ ಸಲವೂ ನಾವು ಹೊಸ ಶಂಬೂಕನನ್ನು ಹುಡುಕುತ್ತಿದ್ದೇವೆ.

ಬೇರೆ ಧರ್ಮಗಳಲ್ಲಿ ದೇವರಿಗಿರುವ ಜಾಗ ಧಮ್ಮದಲ್ಲಿ ನೀತಿಗೆ ಇದೆ ಎಂದರು ಬಾಬಾಸಾಹೇಬರು. ಹಾಗಾಗಿ ನಮ್ಮ ಶ್ರದ್ಧೆಗೆ ಪರೀಕ್ಷೆ ಒಂದೇ: ಕಷ್ಟ ಬಂದಾಗ ನಾವು ಯಾರ ಕಡೆ ಬೆರಳು ತೋರಿಸುತ್ತೇವೆ?

*ಇಂದಿನ ಅಭ್ಯಾಸ:* ಇವತ್ತು ಯಾವುದೇ ಕೆಟ್ಟ ಸುದ್ದಿ ಕಿವಿಗೆ ಬಿದ್ದರೆ, ಮಾತಾಡುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳೋಣ.
1. ಇದು ಹೇಗಾಯಿತು? ಕಣ್ಣಿಗೆ ಕಾಣುವ ಕಾರಣ ಏನು?
2. ಇದನ್ನು ತಡೆಯಬೇಕಾದ ಹೊಣೆ ಯಾರದಾಗಿತ್ತು? ಅವರನ್ನು ಕೇಳಿದ್ದೇವೆಯೇ?
3. ಏನೂ ಮಾಡದ ಯಾರ ತಲೆಗಾದರೂ ಇದನ್ನು ಕಟ್ಟುತ್ತಿದ್ದೇವೆಯೇ?

ಮನೆಯಲ್ಲಿ ಮಕ್ಕಳಿಗೂ ಎರಡೂ ಕತೆ ಹೇಳಿ. ಅವರು ಏನೆನ್ನುತ್ತಾರೆ ಎಂದು ಬಳಗದಲ್ಲಿ ಹಂಚಿಕೊಳ್ಳಿ.

ಭವತು ಸಬ್ಬ ಮಂಗಲಂ.
ಸಾಧು, ಸಾಧು, ಸಾಧು. 🙏