ಪಂಪ್ ಸುಮ್ಮನೆ ಸಾಯುವುದಿಲ್ಲ

ತಮ್ಮಾ, ಇಂಡಿಯಿಂದಲೋ ಅಫಜಲಪುರದಿಂದಲೋ ಅಥಣಿಯಿಂದಲೋ ಪುಣೆಗೆ ಬಂದು, ಭೋಸರಿ, ಚಾಕಣ, ವಾಘೋಲಿಯಲ್ಲಿ ಹಿಟಾಚಿ, ಮಿಕ್ಸರ್ ಗಾಡಿ ರಿಪೇರಿ ಮಾಡುವ ಗ್ಯಾರೇಜುಗಳಲ್ಲಿ ಹೆಲ್ಪರ್ ಆಗಿ ಸೇರಿದವನು ನೀನು. ಗ್ರೀಸ್ ಹೊಡೆದೆ, ಹೋಸ್ ಬದಲಿಸಿದೆ, ಸಿಲಿಂಡರಿನ ಸೀಲ್ ಹಾಕುವುದನ್ನು ಕಲಿತೆ. ಈಗ ನಿನ್ನ ಕೈಗೆ ಹೈಡ್ರಾಲಿಕ್ ಪಂಪ್ ಬಂದಿದೆ. ಇಡೀ ಯಂತ್ರದಲ್ಲಿ ಬಲು ದುಬಾರಿಯಾದ ಭಾಗಗಳಲ್ಲಿ ಇದೂ ಒಂದು. ನಾನು ಹೇಳುವುದರಲ್ಲಿ ಒಂದೇ ಮಾತು ನೆನಪಿಟ್ಟರೂ ಸಾಕು: ಹಳೆಯ ಪಂಪ್ ಏಕೆ ಸತ್ತಿತು ಎಂದು ಗೊತ್ತಾಗುವವರೆಗೆ ಹೊಸದನ್ನು ಕೂರಿಸಬೇಡ.

ಪಂಪ್ ತಾನಾಗಿ ಸಾಯುವುದು ಅಪರೂಪ. ಹೆಚ್ಚಿನ ಸಲ ಅದನ್ನು ಕೊಂದದ್ದು ಹೊರಗಿನ ಕಾರಣ, ಆ ಕಾರಣ ಇನ್ನೂ ಗಾಡಿಯೊಳಗೇ ಇರುತ್ತದೆ. ಬಾವಿಯ ನೀರು ಕೆಟ್ಟಾಗ ಹೊಸ ಕೊಡ ಇಳಿಸಿದರೆ ನೀರು ತಿಳಿಯಾದೀತೇ?

ಆದ್ದರಿಂದ ಬಿಚ್ಚಿದ ಪಂಪನ್ನು ಗುಜರಿಗೆ ಎಸೆಯುವ ಮೊದಲು ತೆರೆದು ನೋಡು. ಸಿಲಿಂಡರ್ ಬ್ಲಾಕ್ ಕೂರುವ ವಾಲ್ವ್ ಪ್ಲೇಟಿನ ಮೇಲೆ ಸುತ್ತ ಗೀರು ಬಿದ್ದಿದ್ದರೆ ಎಣ್ಣೆಯಲ್ಲಿ ಕಸ ಇತ್ತು ಎಂದರ್ಥ. ಹುಳು ತಿಂದಂತೆ ಚಿಕ್ಕ ಚಿಕ್ಕ ಕುಳಿಗಳಿದ್ದರೆ ಸಕ್ಷನ್ ಕಡೆಯಿಂದ ಎಣ್ಣೆ ಸಾಲದೆ ಪಂಪ್ ಹಸಿದಿದೆ. ಸ್ಟ್ರೇನರ್ ಕಟ್ಟಿರಬಹುದು, ಹೋಸಿನ ಒಳಪದರ ಕಿತ್ತು ದಾರಿ ಮುಚ್ಚಿರಬಹುದು. ಲೋಹ ನೀಲಿಗಟ್ಟಿದ್ದರೆ ಬಿಸಿ ಏರಿದೆ, ಎಣ್ಣೆಯ ಪದರ ಉಳಿದಿಲ್ಲ. ಶಾಫ್ಟಿನ ಸ್ಪ್ಲೈನ್ ಹಲ್ಲು ಸವೆದು ತುಕ್ಕು ಬಣ್ಣದ ಪುಡಿ ಉದುರಿದ್ದರೆ ತಪ್ಪು ಪಂಪಿನದಲ್ಲ, ಕಪ್ಲಿಂಗಿನದು. ಶಾಫ್ಟ್ ಸೀಲ್ ಹೊರಗೆ ತಳ್ಳಿಕೊಂಡು ಬಂದಿದ್ದರೆ ಒಳಗೆ ಸೋರಿದ ಎಣ್ಣೆ ಟ್ಯಾಂಕಿಗೆ ಮರಳುವ ಕೇಸ್ ಡ್ರೇನ್ ಹೋಸ್ ಎಲ್ಲೋ ಮಡಚಿಕೊಂಡಿದೆಯೇ ನೋಡು. ಫಿಲ್ಟರನ್ನೂ ಕೊಯ್ದು ಅದರ ಮಡಿಕೆ ಬಿಡಿಸು. ಹಿತ್ತಾಳೆ ಚೂರು, ಉಕ್ಕಿನ ಚೂರು, ರಬ್ಬರ್ ಚೂರು ಬೇರೆ ಬೇರೆ ಕಡೆಯಿಂದ ಬರುತ್ತವೆ, ಬೇರೆ ಬೇರೆ ಕಾರಣ ಹೇಳುತ್ತವೆ.

ವಾಘೋಲಿಯ ಕಲ್ಲುಗಣಿ, ಕ್ರಷರುಗಳ ಕರಿಕಲ್ಲಿನ ಧೂಳನ್ನು ನೀನು ದಿನಾ ನುಂಗುತ್ತೀಯ, ಗಾಡಿಯೂ ನುಂಗುತ್ತದೆ. ನಮ್ಮ ಕಣ್ಣಿಗೆ ಕಾಣುವ ಕಣ ಸುಮಾರು 40 ಮೈಕ್ರಾನಿಗಿಂತ ದೊಡ್ಡದು. ಪಂಪಿನೊಳಗಿನ ಸಂದುಗಳು ಅದಕ್ಕಿಂತಲೂ ಕಿರಿದಾಗಿರಬಹುದು. ಅಂದರೆ ಪಂಪನ್ನು ಕೊಲ್ಲುವ ಕಸ ಎಷ್ಟೋ ಸಲ ನಿನ್ನ ಕಣ್ಣಿಗೆ ಬೀಳುವುದೇ ಇಲ್ಲ. 'ಎಣ್ಣೆ ಚೊಕ್ಕ ಐತಿ' ಎಂದು ಬೆರಳಿಗೆ ಹಚ್ಚಿ ಹೇಳುವವರ ಮಾತು ನಂಬಬೇಡ. ಸೀಲ್ ಒಡೆಯದ ಬ್ಯಾರೆಲ್ಲಿನ ಹೊಸ ಎಣ್ಣೆಯೂ ಪಂಪಿಗೆ ಬೇಕಾದಷ್ಟು ಶುದ್ಧ ಇರುವುದಿಲ್ಲ. ಅದನ್ನೂ ಫಿಲ್ಟರ್ ಮೂಲಕವೇ ತುಂಬಬೇಕು. ಮಳೆಗಾಲದಲ್ಲಿ ಎಣ್ಣೆ ಹಾಲಿನಂತೆ ಬೆಳ್ಳಗಾದರೆ ನೀರು ಸೇರಿದೆ, ಪೂರ್ತಿ ಇಳಿಸು.

ಟ್ಯಾಂಕ್ ತೊಳೆ, ಕೂಲರ್ ತೊಳೆ, ಹೋಸುಗಳ ಒಳಗೆ ಸಿಕ್ಕ ಚೂರು ತೆಗೆ. ಕಾಂಕ್ರೀಟ್ ಮಿಕ್ಸರ್ ಗಾಡಿಯಲ್ಲಂತೂ ಇನ್ನೂ ಎಚ್ಚರ. ಡ್ರಮ್ ತಿರುಗಿಸುವ ಪಂಪ್ ಮತ್ತು ಮೋಟರ್ ನಡುವೆ ಎಣ್ಣೆ ಟ್ಯಾಂಕಿಗೆ ಬಾರದೆ ಸುತ್ತುತ್ತಿರುತ್ತದೆ, ಅದರಲ್ಲಿ ಸ್ವಲ್ಪ ಪಾಲು ಮಾತ್ರ ಫಿಲ್ಟರ್ ದಾಟುತ್ತದೆ. ಪಂಪ್ ಒಡೆದರೆ ಅದರ ಚೂರು ನೇರ ಮೋಟರಿಗೆ ಹೋಗುತ್ತದೆ. ಮೋಟರ್ ಬಿಚ್ಚಿ ನೋಡದೆ ಹೊಸ ಪಂಪ್ ಹಾಕಿದರೆ ಅದೇ ಚೂರು ತಿರುಗಿ ಹೊಸದರೊಳಗೆ ಬರುತ್ತದೆ.

ಇನ್ನು ಹೊಸ ಪಂಪ್. ನೋಡಲು ಒಂದೇ ತರಹ ಇದೆ ಎಂದು ಒಪ್ಪಬೇಡ. ನೇಮ್ ಪ್ಲೇಟಿನ ನಂಬರ್, ಶಾಫ್ಟಿನ ಕಡೆಯಿಂದ ನೋಡಿದಾಗ ತಿರುಗುವ ದಿಕ್ಕು, ಸ್ಪ್ಲೈನಿನ ಹಲ್ಲಿನ ಲೆಕ್ಕ, ಒಂದು ಸುತ್ತಿಗೆ ಹೊರಡುವ ಎಣ್ಣೆ, ರೆಗ್ಯುಲೇಟರಿನ ಬಗೆ, ಇಷ್ಟೂ ಹಳೆಯದಕ್ಕೆ ತಾಳೆಯಾಗಬೇಕು. ಕಪ್ಲಿಂಗಿನಲ್ಲಿ ಶಾಫ್ಟ್ ಕೈಯಿಂದಲೇ ಸಲೀಸಾಗಿ ಕೂರಬೇಕು. ಕೂರದಿದ್ದರೆ ಸುತ್ತಿಗೆ ಎತ್ತಬೇಡ, ಬೋಲ್ಟ್ ಬಿಗಿದು ಎಳೆಯಲೂ ಬೇಡ. ಒಳಗಿನ ಬೇರಿಂಗ್ ಆ ಕ್ಷಣವೇ ಪೆಟ್ಟು ತಿನ್ನುತ್ತದೆ. ಮಿಕ್ಸರಿನಲ್ಲಿ ಜಾಯಿಂಟ್ ಇರುವ ಶಾಫ್ಟಾದರೆ ಎರಡೂ ತುದಿಯ ನೊಗಗಳು ಒಂದೇ ಸಾಲಿನಲ್ಲಿರಲಿ.

ಸ್ಟಾರ್ಟ್ ಮಾಡುವ ಮೊದಲು ಪಂಪಿನ ಕೇಸಿಗೆ ಶುದ್ಧ ಎಣ್ಣೆ ತುಂಬು. ಕೇಸ್ ಡ್ರೇನನ್ನು ಮೇಲಿನ ಬಾಯಿಗೇ ಹಾಕು, ಆಗ ಕೇಸ್ ಖಾಲಿಯಾಗುವುದಿಲ್ಲ. ಒಣಗಿದ ಪಂಪ್ ಮೊದಲ ಕೆಲವು ಸೆಕೆಂಡುಗಳಲ್ಲೇ ಸುಟ್ಟುಹೋಗಬಹುದು. ಸ್ಟಾರ್ಟಾದ ಮೇಲೆ ಎಂಜಿನ್ ನಿಧಾನಕ್ಕೇ ಓಡಲಿ, ಭಾರ ಕೊಡಬೇಡ. ಗಾಳಿ ಹೋಗುವವರೆಗೆ ಕಿವಿಗೊಡು. ಕಲ್ಲು ಅಗಿದಂತೆ ಸದ್ದು ಬಂದರೆ ಕೂಡಲೇ ಬಂದ್ ಮಾಡು. ಒತ್ತಡವನ್ನು ಗೇಜ್ ಹಾಕಿಯೇ ನೋಡು. 20 ಟನ್ ಆಸುಪಾಸಿನ ಹಿಟಾಚಿಗಳಲ್ಲಿ ಅದು ಸುಮಾರು 350 ಬಾರ್ ಮುಟ್ಟುತ್ತದೆ. ರಿಲೀಫ್ ವಾಲ್ವ್ ಬಿಗಿದು 'ಪವರ್' ಹೆಚ್ಚಿಸು ಎಂದು ಆಪರೇಟರ್ ಹೇಳಿದರೂ ಪುಸ್ತಕದ ಅಂಕಿ ದಾಟಬೇಡ.

ಈ ಒತ್ತಡ ನಿನ್ನ ಕೈಗೂ ಅಪಾಯ. ಬಿಚ್ಚುವ ಮೊದಲು ಬಕೆಟ್ ನೆಲಕ್ಕೆ ಇಳಿಸು, ಎಂಜಿನ್ ನಿಲ್ಲಿಸಿ ಲಿವರುಗಳನ್ನು ಆಡಿಸಿ ಒತ್ತಡ ಬಿಡು, ಟ್ಯಾಂಕಿನ ಗಾಳಿಯನ್ನೂ ಬಿಡು. ಎಣ್ಣೆ ಎಲ್ಲಿ ಸೋರುತ್ತದೆ ಎಂದು ಎಂದೂ ಬೆರಳಿನಿಂದ ಹುಡುಕಬೇಡ, ರಟ್ಟಿನ ತುಂಡು ಹಿಡಿ. ಸೂಜಿಮೊನೆಯಷ್ಟು ತೂತಿನಿಂದ ಬರುವ ಎಣ್ಣೆ ಚರ್ಮ ಸೀಳಿ ಒಳಗೆ ಹೋಗುತ್ತದೆ. ಮೊದಲಿಗೆ ಚಿಕ್ಕ ಚುಕ್ಕೆಯಷ್ಟೇ ಕಾಣುತ್ತದೆ, ನೋವೂ ಅಷ್ಟಾಗಿ ಇರುವುದಿಲ್ಲ. ತಡ ಮಾಡಿದರೆ ಬೆರಳು, ಕೈ ಕಳೆದುಕೊಂಡವರಿದ್ದಾರೆ. ಎಣ್ಣೆ ಹೀಗೆ ಚುಚ್ಚಿದರೆ ಅರಿಶಿನ ಹಚ್ಚಿ ಕೂರಬೇಡ. ಸಸೂನಿನಂಥ ದೊಡ್ಡ ಆಸ್ಪತ್ರೆಗೆ ಆ ಕ್ಷಣ ಹೋಗಿ, 'ಒತ್ತಡದ ಎಣ್ಣೆ ಒಳಗೆ ಹೋಗಿದೆ' ಎಂದು ಬಾಯಿಬಿಟ್ಟು ಹೇಳು.

ಸೈಟಿನಲ್ಲಿ ಗಾಡಿ ನಿಂತರೆ ಮಾಲೀಕನಿಗೆ ಬಾಡಿಗೆ ನಷ್ಟ, ಅವನ ಅವಸರ ಸುಳ್ಳಲ್ಲ. ಅವನಿಗೆ ಬಿಡಿಸಿ ಹೇಳು: ಇವತ್ತು ತೊಳೆಯಲು ಅರ್ಧ ದಿನ ಕೊಟ್ಟರೆ ಎರಡನೆಯ ಪಂಪಿನ ದುಡ್ಡು ಉಳಿಯುತ್ತದೆ. ಫಿಲ್ಟರಿನಲ್ಲಿ ಸಿಕ್ಕ ಚೂರನ್ನು ಅಂಗೈಯಲ್ಲಿಟ್ಟು ತೋರಿಸು. ಬಾಯಿಮಾತಿಗೆ ಒಪ್ಪದವನೂ ಕಣ್ಣಾರೆ ಕಂಡರೆ ಒಪ್ಪುತ್ತಾನೆ.

ನಮ್ಮ ಸೀಮೆಯವರ ಕೈಗೆ ಯಂತ್ರ ಹೊಸದಲ್ಲ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಬೆಳಗಾವಿಯ ಸೈಕಲ್ ಅಂಗಡಿಯಿಂದ ಶುರು ಮಾಡಿ 1910ರಲ್ಲಿ ಕಿರ್ಲೋಸ್ಕರವಾಡಿ ಎಂಬ ಕಾರ್ಖಾನೆಯ ಊರು ಕಟ್ಟಿದರು. ಆ ಮನೆತನದ ಎಂಜಿನ್ ಕಾರ್ಖಾನೆ 1946ರಲ್ಲಿ ಇದೇ ಪುಣೆಯ ಖಡಕಿಯಲ್ಲಿ ಎದ್ದಿತು. ಇಂದು ಧಾರವಾಡದಲ್ಲಿ ಟಾಟಾ ಹಿಟಾಚಿ, ಕೆಜಿಎಫ್‌ನಲ್ಲಿ ಬೆಮೆಲ್, ದೊಡ್ಡಬಳ್ಳಾಪುರದಲ್ಲಿ ಅಜಾಕ್ಸ್ ಯಂತ್ರ ಕಾರ್ಖಾನೆಗಳಿವೆ. ಕಾರಣ ಹುಡುಕಬಲ್ಲ ಮೆಕ್ಯಾನಿಕ್ ಊರ ಕಡೆ ಹೋದರೂ ಅನ್ನಕ್ಕೆ ಕೊರತೆಯಿಲ್ಲ. ಪಂಪ್ ಬದಲಿಸುವವರು ಬೇಕಾದಷ್ಟು ಮಂದಿ ಸಿಗುತ್ತಾರೆ, ಏಕೆ ಹೋಯಿತೆಂದು ಹೇಳುವವನಿಗೆ ಬೆಲೆ. ಒಂದು ವಹಿ ಇಟ್ಟುಕೊ. ಗಾಡಿ, ಎಷ್ಟು ತಾಸು ಓಡಿದೆ, ಪಂಪ್ ಸತ್ತ ಕಾರಣ, ನೀನು ಮಾಡಿದ ಕೆಲಸ, ಎಲ್ಲವನ್ನೂ ಬರೆ. ನಿನ್ನ ಕೈಕೆಳಗೆ ಹೆಲ್ಪರ್ ಬಂದ ದಿನ ಅವನಿಗೆ ಸ್ಪ್ಯಾನರಿನ ಜೊತೆ ಆ ವಹಿಯನ್ನೂ ಕೊಡು.